ಕೊರಳಿನ ಕೆಳಗೆಲ್ಲ ಹೊಟ್ಟೆಯೇ!

ಆಗ ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಕಪ್ಪೆಯ ಅಂಗಾಂಗಗಳೆಲ್ಲ ನನಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಿತ. ಇಂಥ ನನಗೆ, ನಮ್ಮ ಜನ ಕೊರಳಿನಿಂದ ಮೊಣಕಾಲಿನವರೆಗಿನ ಎಲ್ಲವನ್ನೂ ‘ಹೊಟ್ಟಿ’ ಎಂದು ಮುಗಿಸಿಬಿಡುವುದನ್ನು ಕೇಳಿದರೆ ಮೈ ಉರಿಯುತ್ತಿತ್ತು.

ಹೆಂಡತಿ ಸುಮಿತ್ರಾ ತುಂಬು ಬಸುರಿ. ಒಂದು ದಿನ ರೊಟ್ಟಿ ಬಡಿಯುತ್ತ, “ಹೊಟ್ಟ್ಯಾಗ ಕೂಸು ಒದಿಯಾಕತ್ತೈತ್ರಿ” ಎಂದಳು.

“ಹೊಟ್ಟ್ಯಾಗ ಇರೂದು ರೊಟ್ಟಿ! ಕೂಸು ಇರೂದು ಗರ್ಭಾಶಯದಾಗ. ನಾಚಿಕಿ ಯಾಕ? ಹೆಸರು ಹಿಡದು ಹೇಳು!”

“ಒದಿಸಿಕೊಳ್ಳಾಕಿ ನಾ. ಹೆಸರು ನೀವ ಹೇಳ್ಕೊತ ಕುಂಡ್ರಿ” ಎಂದಳು.

ಒಂದು ಮಧ್ಯಾಹ್ನ, ಬಾಣಂತನಕ್ಕೆ ಬಂದಿದ್ದ ಅತ್ತೆ ಬಾಗಿಲ ಮರೆಯಿಂದ, “ಅಳಿಯಂದ್ರ, ಬ್ಯಾನಿ ಸುರು ಆಗ್ಯಾವ. ಲಗೂ ಟಾಂಗಾ ತರ್ರಿ” ಎಂದರು. ಓಡಿಹೋಗಿ ಟಾಂಗಾ ತಂದೆ. ಇಬ್ಬರನ್ನೂ ಹತ್ತಿಸಿಕೊಂಡು ಹೋಗಿ ದವಾಖಾನೆಯ ಮುಂದೆ ನಿಲ್ಲಿಸಿ, “ನೀವು ಕೂತಿರ್ರಿ, ಎಲ್ಲಾ ನಾ ಹೇಳಿ ಬರ್ತೇನಿ” ಎಂದು ಧೀರನಂತೆ ಒಳಗೆ ನಡೆದೆ.

ಪಡಸಾಲೆಯ ತುಂಬ ಜನ. ಮೊದಲ ಬೆಂಚಿನಲ್ಲಿ ಕೆಮ್ಮುತ್ತ ಕುಳಿತವರು ನಮ್ಮ ಹೆಡ್‌ಮಾಸ್ತರರು!

“ಏನ್ರಿ ತ್ರಾಸು?” ಕಿಟಕಿಯಿಂದ ಕಂಪೌಂಡರ್ ಕೇಳಿದ.

ಗರ್ಭಾಶಯ ನಾಲಗೆಯ ತುದಿಗೆ ಬಂದಿತ್ತು. ಹೆಡ್‌ಮಾಸ್ತರರು ಕೆಮ್ಮು ನಿಲ್ಲಿಸಿ ನನ್ನನ್ನೇ ನೋಡಿದರು. ಅದು ಅಲ್ಲೇ ಒಣಗಿತು.

“ನಮ್ಮ ಮನ್ಯಾಗ... ಸ್ವಲ್ಪ...”

“ಸ್ವಲ್ಪ ಏನ್ರಿ?”

“ಹೊಟ್ಟಿ!” ಎಂದೆ.

“ಏನು ತಿಂದಾರ?”

“ಮೆಣಸಿನಕಾಯಿ ಭಜಿ” ಎಂದೆ. ಸತ್ಯವನ್ನೇ ಹೇಳಿದ್ದೆ!

ಅವನು ಗುಲಾಬಿ ಬಣ್ಣದ ನೀರು ತುಂಬಿದ ಸೀಸೆ ಕೊಟ್ಟ. ‘ಅಲ್ಲಪ್ಪಾ, ಇದು ಹೆರಿಗೆ’ ಎನ್ನಬಹುದಿತ್ತು. ಕೈಮುಗಿದು ಸೀಸೆ ತಂದೆ.

ಟಾಂಗಾದಲ್ಲಿ ಸುಮಿತ್ರಾ ಬೆವರಿನಲ್ಲಿ ತೊಯ್ದಿದ್ದಳು. ಅವಳ ಮುಖ ನೋಡಿ ನನ್ನ ಜೀವವೇ ಹಾರಿತು. ಇವಳಿಗೇನಾದರೂ ಆದರೆ?

“ಡಾಕ್ಟರ್‌ಬಾಯಿ ಎಲ್ಲಿ? ಕೈಯಾಗೇನದು?” ಎಂದಳು.

“ಔಷಧ. ಅಲ್ಲಾಡಿಸಿ ಕುಡೀಬೇಕಂತ.”

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಇಡೀ ಮಾಳಮಡ್ಡಿ ಬಡಾವಣೆಗೆ ಕೇಳುವಂತೆ ಕೂಗಿದಳು: “ಸಿಸ್ಟರ್‌ಬಾಯೀ! ನಾ ಹಡಿಯಾಕತ್ತೇನಿ! ತಲಿ ಬಂದೈತಿ, ಓಡಿ ಬರ್ರಿ!”

ಪಡಸಾಲೆಯೇ ಎದ್ದು ನಿಂತಿತು. ನರ್ಸುಗಳು ಓಡಿ ಬಂದು ಅವಳನ್ನು ಒಳಗೆ ಒಯ್ದರು. ಹೆಡ್‌ಮಾಸ್ತರರು ತಾವೇ ಬಾಗಿಲು ಹಿಡಿದು ದಾರಿ ಬಿಟ್ಟರು. ನಾನು ಸೀಸೆ ಹಿಡಿದು ನಿಂತೇ ಇದ್ದೆ.

ಸ್ವಲ್ಪ ಹೊತ್ತಿಗೆ ನರ್ಸ್ ಹೊರಗೆ ಬಂದು, “ಹೆಣ್ಣು ಕೂಸು. ಇಬ್ರೂ ಆರಾಮ ಅದಾರ. ಗಂಡ ಯಾರ್ರಿ? ಸೀಸಾ ಹಿಡಕೊಂಡು ನಿಂತಿರ್ತಾರ, ಅವ್ರ ಅಂತ ಬಾಣಂತಿ ಹೇಳ್ಯಾರ” ಎಂದಳು.

ಪಡಸಾಲೆಯ ಅಷ್ಟೂ ಕಣ್ಣುಗಳು ನನ್ನ ಕಡೆ ತಿರುಗಿದವು. ಸಂತೋಷ, ಭಯ, ನಾಚಿಕೆ ಒಟ್ಟಿಗೇ ಬಂದು ನನ್ನ ಒಳಗೆಲ್ಲ ಗುಡುಗುಡು ಎನ್ನತೊಡಗಿತು. ಯಾವ ಅಂಗವೆಂದು ತಿಳಿಯಲಿಲ್ಲ. ಸೀಸೆಯನ್ನು ಚೆನ್ನಾಗಿ ಅಲ್ಲಾಡಿಸಿ ನಾನೇ ಕುಡಿದೆ!