ನನ್ನ ಡಿಸ್ಕಿಗೆ ಕಸ್ತೂರಿಯ ಬುದ್ಧಿ

ಒಬ್ಬರೇ ಇರುವವರ ದೊಡ್ಡ ಕಷ್ಟವೆಂದರೆ, ಮನೆಯಲ್ಲಿ ಏನಾದರೂ ಕೆಟ್ಟರೆ ಬೈಯಲು ಇನ್ನೊಬ್ಬರು ಇರುವುದಿಲ್ಲ. ಹಾಲು ಉಕ್ಕಿಸಿದವಳೂ ನಾನೇ, ನಲ್ಲಿ ಬಿಟ್ಟು ಹೋದವಳೂ ನಾನೇ. ಸೋಲಾಪುರದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತ ಐವತ್ತು ದಾಟಿದ ನನಗೆ ಮದುವೆಯಾಗದ್ದಕ್ಕೆ ಬೇಸರವಾಗುವುದು ಇಂಥ ಹೊತ್ತಿನಲ್ಲಿ ಮಾತ್ರ. ಆದ್ದರಿಂದ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕು ಕೆಡಿಸಿದವಳೂ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಡಿಸ್ಕಿನ ಫರ್ಮ್‌ವೇರ್, ಅಂದರೆ ಅದನ್ನು ನಡೆಸುವ ಒಳಗಿನ ಬುದ್ಧಿ, ಹಳೆಯದಾಗಿದೆಯೆಂದು ರಿಪೇರಿಯ ಮೆಹಬೂಬಭಾಯಿ ಹೊಸದನ್ನು ತುಂಬಲು ಒಂದು ಫ್ಲಾಪಿ ಕೊಟ್ಟು, "ಮುಗಿಯೂತನಾ ಬಂದ್ ಮಾಡಬ್ಯಾಡ್ರಿ ಬಾಯಿ" ಎಂದು ಎರಡೆರಡು ಸಲ ಹೇಳಿದ್ದ. ಕೆಲಸ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಪಕ್ಕದ ಮನೆಯ ಕಾಕು ಆರತಿ ತಟ್ಟೆ ಹಿಡಿದು ಬಂದರು. "ಅಯ್ಯ, ಪೂಜಿ ಮಾಡೂ ಮುಂದ ಆಯುಧ ನಡ್ಯಾಕತ್ತಿರಬಾರದವಾ. ಬಂದ್ ಮಾಡು!" ನಮ್ಮ ಮನೆಗೆ ಯಾರಾದರೂ ಬರುವುದೇ ಅಪರೂಪ. ಬಂದವರನ್ನು ಆರತಿಯೊಡನೆ ನಿಲ್ಲಿಸುವುದೆ? ಸ್ವಿಚ್ಚು ಆರಿಸಿದೆ. ಕಂಪ್ಯೂಟರಿಗೆ ಕುಂಕುಮ ಬಿತ್ತು, ಚೆಂಡುಹೂವು ಬಿತ್ತು. ಮರುದಿನ ಅದು ಏಳಲೇ ಇಲ್ಲ.

ಮೆಹಬೂಬಭಾಯಿ ಬಂದು ನೋಡಿ ತಲೆಯಾಡಿಸಿದ. "ಒಳಗ ನೀವು ಬರ್ದಿದ್ದೆಲ್ಲಾ ಹಾಂಗ ಐತ್ರಿ. ಆದ್ರ ತಾ ಯಾರು ಅನ್ನೂದ ಡಿಸ್ಕಿಗೆ ಮರತೈತಿ." ನನಗೇನೂ ಆಶ್ಚರ್ಯವಾಗಲಿಲ್ಲ. ವಾರಗಟ್ಟಲೆ ಯಾರೂ ಹೆಸರು ಹಿಡಿದು ಕರೆಯದಿದ್ದರೆ ನನಗೂ ಹಾಗೆಯೇ ಆಗುತ್ತದೆ. ಅವನ ಪ್ರಕಾರ ಇದಕ್ಕೆ ಒಂದೇ ಉಪಾಯ. ಇದೇ ಕಂಪನಿಯ, ಇದೇ ಮಾದರಿಯ ಇನ್ನೊಂದು ಡಿಸ್ಕು ತರಬೇಕು, ಅದರ ಫರ್ಮ್‌ವೇರ್ ನಕಲು ಮಾಡಿ ಇದಕ್ಕೆ ತುಂಬಬೇಕು. ಅಂಥದ್ದು ನಾನು ಬಲ್ಲಂತೆ ಒಂದೇ ಒಂದು ಇತ್ತು, ಅಕ್ಕಲಕೋಟೆಯಲ್ಲಿ, ಕಸ್ತೂರಿಯ ಹತ್ತಿರ.

ಕಸ್ತೂರಿ ಇಪ್ಪತ್ತು ವರ್ಷ ನನ್ನ ಕ್ಲಾಸಿನಲ್ಲೇ ಜೊತೆಗೆ ಕಲಿಸಿದವಳು. ಅವಳು ಅಕ್ಕಲಕೋಟೆಯಲ್ಲಿ ಸ್ವಂತ ಕ್ಲಾಸು ತೆರೆದಾಗ ಇಬ್ಬರೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಒಂದೇ ತರಹದ ಕಂಪ್ಯೂಟರು ಕೊಂಡಿದ್ದೆವು. ಆಮೇಲೆ ಅವಳು ಮನೆ ಕಟ್ಟಿಸಿ, ವಾಸ್ತುಶಾಂತಿಗೆ ನನ್ನನ್ನು ಪೋಸ್ಟಿನಲ್ಲಿ ಕರೆದಳು. ಮನೆಗೆ ಬಂದು ಕುಂಕುಮ ಹಚ್ಚಿ ಕರೆಯಲಿಲ್ಲವೆಂದು ನಾನು ಹೋಗಲಿಲ್ಲ. ನನ್ನ ದಾರಿ ನೋಡುತ್ತ ಅವಳು ಸಂಜೆಯವರೆಗೆ ಊಟ ಮಾಡಲಿಲ್ಲವಂತೆ. ಆಗ ಅವಳ ಕಾಲು ಮುರಿದು ಪ್ಲಾಸ್ಟರಿನಲ್ಲಿತ್ತೆಂಬುದು ನನಗೆ ಗೊತ್ತಾದದ್ದು ತಿಂಗಳ ಮೇಲೆ. ಮೂರು ವರ್ಷ ಮಾತಿಲ್ಲ. ಈ ಮೂರು ವರ್ಷದಲ್ಲಿ ಅವಳಿಗೆ ಕ್ಷಮೆ ಕೇಳಿ ಹದಿನಾಲ್ಕು ಪತ್ರ ಟೈಪು ಮಾಡಿದ್ದೇನೆ, ಒಂದನ್ನೂ ಕಳಿಸಿಲ್ಲ. ಕೆಟ್ಟ ಡಿಸ್ಕಿನಲ್ಲಿ ನನಗೆ ಬೇಕಾಗಿದ್ದದ್ದು ಅವು ಮಾತ್ರ.

ಪತ್ರ ಉಳಿಸಿಕೊಳ್ಳಲು, ಆ ಪತ್ರ ಯಾರಿಗೆ ಬರೆದೆನೋ ಅವಳ ಮನೆ ಬಾಗಿಲಿಗೇ ಹೋಗಬೇಕಾಯಿತು. ಎಸ್‌ಟಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಅವಳು ಬಾಗಿಲು ತೆರೆದದ್ದೇ ತಡ, ಜೋಡಿಸಿದ್ದೆಲ್ಲ ಎಲ್ಲಿಗೋ ಹೋಯಿತು. "ನಿನ್ನ ಡಿಸ್ಕು ಬೇಕಾಗಿತ್ತು" ಎಂದೆ.

ಅವಳು ಸ್ವಲ್ಪ ಕುಂಟುತ್ತ ಒಳಗೆ ಹೋಗಿ ಚಹಕ್ಕಿಟ್ಟಳು. "ಕುಂದ್ರು ಸುಮಿ. ಅಂಥಾದ್ದೇನೈತಿ ನಿನ್ನ ಡಿಸ್ಕಿನಾಗ?"

ಈಗಲಾದರೂ ಹೇಳಬಹುದಿತ್ತು. "ಹುಡುಗ್ಯಾರ ಹಾಜರಿ" ಎಂದೆ.

"ಒಯ್ಯಿ. ನಂದೂ ಕೆಡಿಸಿ ತರಬ್ಯಾಡ ಮತ್ತ. ಐತವಾರ ತಂದು ಕೊಡು, ಊಟಕ್ಕ ಇಲ್ಲೇ ಬಾ. ಬಾಯಿಲೇ ಕರ್ಯಾಕತ್ತೀನಿ, ಕೇಳಿಸ್ತಿಲ್ಲೊ?"

ಬಸ್ಸಿನಲ್ಲಿ ಆ ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು, ಮುಖ ಕಿಟಕಿಯ ಕಡೆ ತಿರುಗಿಸಿ ಅತ್ತೆ. ಕಂಡಕ್ಟರು ಪಾಪ, ಚಿಲ್ಲರೆ ಕೇಳದೆ ಮುಂದೆ ಹೋದ.

ಎರಡು ದಿನದಲ್ಲಿ ಡಿಸ್ಕು ಎದ್ದಿತು. ಹದಿನಾಲ್ಕೂ ಪತ್ರ ಬಂದವು. ಚೆನ್ನಾಗಿರುವುದೊಂದನ್ನು ಆರಿಸಿ ಐತವಾರ ಕಸ್ತೂರಿಯ ಕೈಗೆ ಕೊಡೋಣವೆಂದು ಓದಲು ಕೂತೆ. ಮೊದಲನೆಯದರಲ್ಲಿ ಪೋಸ್ಟಿನಲ್ಲಿ ಕರೆಯುವುದು ಹೇಗೆ ಅವಮಾನ ಎಂದು ಎರಡು ಪುಟ. ಐದನೆಯದರಲ್ಲಿ, ಕಾಲು ಮುರಿದದ್ದನ್ನಾದರೂ ತಿಳಿಸಬೇಕಿತ್ತು ಎಂಬ ಆಕ್ಷೇಪ. ಹದಿನಾಲ್ಕನೆಯದರಲ್ಲಿ ಅವಳಿಗೆ ಮನಸ್ಸು ದೊಡ್ಡದು ಮಾಡಿಕೊಳ್ಳಲು ಸಲಹೆ. ತಪ್ಪಾಯಿತು ಎಂಬ ಮಾತು ಎಲ್ಲೂ ಇಲ್ಲ. ಇನ್ನೊಮ್ಮೆ ಓದಿದೆ. ಆಮೇಲೆ ಮೆಹಬೂಬಭಾಯಿಗೆ ಫೋನು ಮಾಡಿ, ರಿಪೇರಿಯಲ್ಲಿ ಒಂದೆರಡು ಸಾಲು ಬಿಟ್ಟುಹೋಗಿರಬಹುದೇ ಎಂದು ಕೇಳಿದೆ.

"ಒಂದಕ್ಷರಾನೂ ಹೋಗಿಲ್ರಿ ಬಾಯಿ" ಎಂದ. "ನೀವು ಏನು ಬರ್ದಿದ್ರಿ, ಅಷ್ಟೂ ಬಂದೈತಿ."