ಕೂಗದೆ ಹಾಕಿದ ಹೆಪ್ಪು

ಒಣಮೀನಿನ ವ್ಯಾಪಾರಿ ನಾನು. ಬಾಲ ಹಿಡಿದು ಒಮ್ಮೆ ತೂಗಾಡಿಸಿದರೆ ಸಾಕು, ಮೀನಿನ ಜಾತಕವನ್ನೇ ಹೇಳಿಬಿಡುತ್ತೇನೆ! ನನ್ನ ಅತ್ತೆ ಗುನ್ವೋರ್ ಅವರನ್ನೂ ಮದುವೆಯ ದಿನವೇ ಹಾಗೆ ಅಳೆದಿದ್ದೆ: ಎಪ್ಪತ್ತು ಚಳಿಗಾಲ ಕಂಡ ಸರಕು, ಹೊರಗೂ ಗಟ್ಟಿ, ಒಳಗೂ ಗಟ್ಟಿ, ವಾರ ನೆನೆಹಾಕಿದರೂ ಮೆತ್ತಗಾಗುವ ಲಕ್ಷಣವಿಲ್ಲ.

ಅಂಥ ಅತ್ತೆ ಜಾರಿಬಿದ್ದು ಬಲಗೈ ಮುರಿದುಕೊಂಡರು. ನನ್ನ ಮಗಳ ನಾಮಕರಣಕ್ಕೆ ಬಿಯರ್ ಮಾಡುವ ಭಾರ ನನ್ನ ಮೇಲೆ ಬಿತ್ತು. ಅತ್ತೆಯ ಊರಾದ ವೋಸ್‌ನಲ್ಲಿ ಅಂಗಡಿಯ ಬಿಯರ್ ಕೊಟ್ಟು ಮಗುವಿಗೆ ಹೆಸರಿಟ್ಟರೆ ಆ ಹೆಸರೇ ನಿಲ್ಲುವುದಿಲ್ಲ! ಅಜ್ಜಿಯ ಕಾಲದ ಯೀಸ್ಟು, ಮರದ ಬಳೆಗೆ ಒಣಗಿ ಅಂಟಿಕೊಂಡಿದ್ದ ಮನೆತನದ ಹೆಪ್ಪು, ನನ್ನ ಅಂಗೈಗೆ ಬಂತು.

"ಇರೋದು ಇದೊಂದೇ, ಸೀವರ್ಟ್. ಇದು ಸತ್ತರೆ ನಮ್ಮನೆ ಬಿಯರೂ ಸತ್ತ ಹಾಗೆ."

"ನಿಶ್ಚಿಂತೆಯಾಗಿರಿ ಅತ್ತೆ. ವಿಜ್ಞಾನ ಇದೆ!"

ನನ್ನ ವಿಜ್ಞಾನವೆಂದರೆ ಒಂದು ಹೊಸ ಥರ್ಮಾಮೀಟರು ಮತ್ತು ಒಂದು ಪುಸ್ತಕ. ಹೆಪ್ಪು ಹಾಕಲು ಪುಸ್ತಕದ ಅಪ್ಪಣೆ ಇಪ್ಪತ್ತು ಡಿಗ್ರಿ. ಅತ್ತೆಯದು ಬೇರೆಯೇ.

"ಕೂಸಿಗೆ ನೀರು ಹಾಕ್ತೀಯಲ್ಲ, ಅಷ್ಟು ಬೆಚ್ಚಗಿರ್ಲಿ. ಮೊಣಕೈ ಅದ್ದಿ ನೋಡು. ಹೆಪ್ಪು ಹಾಕ್ತಾ ಪೀಪಾಯಿ ಒಳಗೆ ಗಟ್ಟಿಯಾಗಿ ಕೂಗು."

"ಕೂಗೋದ್ಯಾಕೆ?"

"ಇಲ್ದಿದ್ರೆ ಏಳಲ್ಲ."

"ಅದೇನು ನಿನ್ನ ಅಳಿಯನಾ ಅಮ್ಮ, ಕೂಗಿ ಎಬ್ಬಿಸೋಕೆ?" ಎಂದಳು ನನ್ನ ಹೆಂಡತಿ ಸಿಗ್ನಿ.

ಬರ್ಗೆನ್ ಪೇಟೆಯಲ್ಲಿ ಮರ್ಯಾದೆ ಉಳಿಸಿಕೊಂಡವನು ಪೀಪಾಯಿಗೆ ತಲೆ ಹಾಕಿ ಅರಚುವುದೇ? ಬಿಯರಿಗೆಂದು ಕುದಿಸಿದ ಮಾಲ್ಟಿನ ರಸವನ್ನು ಹಿಮದಲ್ಲಿಟ್ಟು ಆರಿಸಿದೆ. ಇಪ್ಪತ್ತಕ್ಕೆ ಇಳಿದದ್ದೇ ಕಳ್ಳನಂತೆ ಸದ್ದಿಲ್ಲದೆ ಹೆಪ್ಪು ಬಿಟ್ಟು, ಪೀಪಾಯಿಯನ್ನು ತಣ್ಣನೆಯ ಉಗ್ರಾಣದಲ್ಲಿ ನಿಲ್ಲಿಸಿದೆ.

ಮರುದಿನ ಪೀಪಾಯಿಗೆ ಕಿವಿಯಿಟ್ಟೆ. ಗುಸುಗುಸು ಎನ್ನಬೇಕಿತ್ತು, ಚರ್ಚಿನಲ್ಲೂ ಅಷ್ಟು ಮೌನವಿರುವುದಿಲ್ಲ! ನಾಳೆಯೋ, ನೊರೆ ತೆಗೆಯುವ ದಿನ. ಆ ದಿನ ನೆರೆಹೊರೆಯವರು ಕರೆಯದೆಯೇ ಬಂದು ರುಚಿ ನೋಡುವುದು ಇಲ್ಲಿನ ಪದ್ಧತಿ.

"ಎದ್ದಿದೆಯಾ?" ಅತ್ತೆ ಕೇಳಿದರು.

"ಯೋಚನೆ ಮಾಡ್ತಿದೆ."

"ನೀನು ಮಾಡಿದ್ರೆ ಚೆನ್ನಾಗಿರ್ತಿತ್ತು."

ಅಂಗಡಿಯ ಯೀಸ್ಟು ತಂದು ಗುಟ್ಟಾಗಿ ಸುರಿದುಬಿಡೋಣವೆಂದು ಬರ್ಗೆನ್ ರೈಲಿಗೆ ಓಡಿದೆ. ಹೊರಡುವಾಗ ನನ್ನ ಹೊಸ ಉಣ್ಣೆಯ ಕೋಟು ಎಲ್ಲೂ ಕಾಣಲಿಲ್ಲ. ಹಳೆಯದನ್ನೇ ಸಿಕ್ಕಿಸಿಕೊಂಡೆ.

ಮರುದಿನ ಮಧ್ಯಾಹ್ನ ಜೇಬಲ್ಲಿ ಪೊಟ್ಟಣ ಬಚ್ಚಿಟ್ಟುಕೊಂಡು ಬಂದರೆ ಮನೆ ತುಂಬ ಜನ! ಪಕ್ಕದ ಮನೆಯ ಶೆಟಿಲ್ ಖಾಲಿ ಲೋಟವನ್ನು ಮೇಜಿಗೆ ಕುಟ್ಟುತ್ತಿದ್ದ. ಮೆಲ್ಲಗೆ ಉಗ್ರಾಣಕ್ಕೆ ನುಗ್ಗಿದೆ. ಪೀಪಾಯಿಯೇ ಇಲ್ಲ! ಹುಡುಕಿದರೆ ಬಚ್ಚಲಲ್ಲಿ, ಬಿಸಿಯಾಗುವ ನೆಲದ ಮೇಲೆ, ಮೂರು ಕಂಬಳಿ ಹೊದ್ದು, ಅದರ ಮೇಲೆ ನನ್ನ ಹೊಸ ಕೋಟು ತೊಟ್ಟು, ಗುಂಡಿಗಳನ್ನೆಲ್ಲ ಹಾಕಿಕೊಂಡು ಗಣ್ಯರಂತೆ ನಿಂತಿದೆ. ನನಗಿಂತ ಅದಕ್ಕೇ ಚೆನ್ನಾಗಿ ಒಪ್ಪಿತ್ತು.

ಮುಚ್ಚಳ ತೆಗೆದು ತಲೆ ಒಳಗೆ ಹಾಕಿದೆ. ಥರ್ಮಾಮೀಟರು ಅದ್ದಿದರೆ ಮೂವತ್ತೊಂಬತ್ತು! ಓದಿ ಮುಗಿಸುವಷ್ಟರಲ್ಲಿ ನೊರೆ ಬುಸ್ಸೆಂದು ಮೇಲೆದ್ದು ಮುಖಕ್ಕೆ ಬಡಿದು, ಪೀಪಾಯಿ ತೊಟ್ಟಿದ್ದ ಹೊಸ ಕೋಟಿನ ಕಾಲರಿನೊಳಗೆ ಇಳಿಯಿತು.

"ಅಯ್ಯಯ್ಯೋ, ನನ್ನ ಕೋಟು!"

ಕಿಟಕಿಯ ಗಾಜು ಅದುರಿತು. ಹೊರಗಿನಿಂದ ಚಪ್ಪಾಳೆ!

"ಎಂಥಾ ಕೂಗು, ಗುನ್ವೋರ್!" ಶೆಟಿಲ್ ಬಾಗಿಲಲ್ಲೇ ನಿಂತು ಹೇಳಿದ. "ನಿಮ್ಮಪ್ಪನೂ ಹೀಗೆ ಕೂಗಿರ್ಲಿಲ್ಲ!"

"ಎರಡು ದಿನ ತಡ ಮಾಡಿದ," ಎಂದರು ಅತ್ತೆ. "ಆದ್ರೂ ಕೂಗಿದ."

ಎಡಗೈಯಲ್ಲೇ ನೊರೆ ತೆಗೆದು, ಮುಂದಿನ ವರ್ಷದ ಹೆಪ್ಪಿಗೆಂದು ಮರದ ಬಳೆಯನ್ನು ಅದರಲ್ಲಿ ಅದ್ದಿಟ್ಟರು.

"ಪೀಪಾಯಿ ತಳ್ಳಿದ್ದು ನಾನು," ಸಿಗ್ನಿ ನನ್ನ ಕಿವಿಯಲ್ಲಿ ಹೇಳಿದಳು. "ಕೋಟು ತೊಡಿಸಿದ್ದು ಅಮ್ಮ. ಏಳು ಗುಂಡಿ, ಒಂದೇ ಕೈಲಿ. ಆಮೇಲೆ ಪಕ್ಕದಲ್ಲೇ ಕೂತಿದ್ಲು, ಕೂಸು ಕಾಯೋ ಹಾಗೆ."

ಶೆಟಿಲ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ. "ಯಾರು ಮಾಡಿದ್ದು ಇದನ್ನ?"

ಜೇಬಿನ ಪೊಟ್ಟಣವನ್ನು ಅಂಗೈಯಿಂದ ಮುಚ್ಚಿಕೊಂಡೆ.

"ನನ್ನ ಅಳಿಯ," ಎಂದರು ಅತ್ತೆ.

ಜೇಬಿನ ಪೊಟ್ಟಣ ಅಲ್ಲೇ ಉಳಿಯಿತು. ಮದುವೆಯ ದಿನ ತಪ್ಪಾಗಿ ಅಳೆದದ್ದಕ್ಕೆ ಅತ್ತೆಯಲ್ಲಿ ನಾನೊಂದು ಕ್ಷಮೆ ಕೇಳಬೇಕಿದೆ. ಅದೂ ಕೂಗಿ ಕೇಳಬೇಕಾದದ್ದು.