ನನ್ನ ಮೊದಲನೇ ವಿದ್ಯಾರ್ಥಿ ನಮ್ಮ ಸರ

ಅಂಜಬುರುಕರ ಬೆನ್ನಿಗೇ ಇಂಥ ಫಜೀತಿಗಳು ಹತ್ತಿರ್ತಾವ ನೋಡ್ರಿ. ಧೈರ್ಯ ಇದ್ದವರಿಗಿ ಒಂದೂ ಆಗಲ್ಲ, ನನಗ ಮಾತ್ರ ಬಿ.ಎಡ್. ಮುಗಿಯೋತನ ಆಗ್ತಾನೇ ಇದ್ವು. ಸೈನ್ಸ್ ಟೀಚರ್ ಆಗಬೇಕಂತ ಸೇಡಂ ಕಾಲೇಜಿಗಿ ಸೇರಿದ್ದೆ. ಖರೆ ನಾಕು ಮಂದಿ ಮುಂದ ನಿಂತ್ರ ಬಾಯಿ ಒಣಗಿ ದನಿನೇ ಹೊರಡ್ತಿರಲಿಲ್ಲ. ಕಡೀಕ ಪರೀಕ್ಷಕರ ಮುಂದ ಒಂದು ಪಾಠ ಮಾಡಿ ತೋರಸಬೇಕು; ಅದರಾಗ ಹಿಂಗೇ ಆದ್ರ ಫೇಲು, ಟೀಚರ್ ಆಗೋ ಆಸೀನೂ ಅಲ್ಲಿಗೇ ಮುಗೀತು. ಇದೇ ಚಿಂತ್ಯಾಗ ನನಗ ಊಟ ಸೇರ್ತಿರಲಿಲ್ಲ, ನಿದ್ದಿ ಹತ್ತತಿರಲಿಲ್ಲ.

೧. ಏಳನೇ ಕ್ಲಾಸಿನ ಉಡಾಳ

ನಮ್ಮ ವಿಜ್ಞಾನದ ಪ್ರೊಫೆಸರು ನನ್ನ ಮಗಳಂಗ ನೋಡ್ತಿದ್ರು. ಒಂದಿನ ಕ್ಲಾಸ್ ಬಿಟ್ಟ ಮ್ಯಾಲ ಕರದು, "ಇವತ್ತಿಂದ ನಾ ಏಳನೇ ಕ್ಲಾಸಿನ ಉಡಾಳ ಹುಡುಗ. ನನಗ ಕಲಸು. ಗದ್ದಲ ಮಾಡಿದ್ರ ಬೈ," ಅಂದು ಹಿಂದಿನ ಬೆಂಚಿಗಿ ಹೋಗಿ ಕುಂತ್ರು.

"ನಿಮಗ ಹ್ಯಾಂಗ ಬೈಲ್ರಿ ಸರ?"

"ಸರ ಎಲ್ಲಿದ್ದಾರ? ಇಲ್ಲಿ ನಾ ಒಬ್ಬನೇ ಅದೀನಿ."

ನೀರು ಆವಿಯಾಗೋ ಪಾಠ ಸುರು ಮಾಡ್ದೆ. ಎರಡು ಮಾತು ಆಗಿಲ್ಲ, ಸರ ಕಿರುಬೆರಳು ಎತ್ತಿದ್ರು. "ಟೀಚರ್, ಒಂದಕ್ಕ ಹೋಗ್ತೀನ್ರಿ."

ನಾ ಗಾಬರಿಯಾಗಿ, "ಹೋಗಿ ಬರ್ರಿ ಸರ," ಅಂದೆ.

ಹೋದವರು ಬರಲೇ ಇಲ್ಲ. ಖಾಲಿ ಬೆಂಚಿಗೇ ಪಾಠ ಪೂರಾ ಮಾಡಿ ಹೊರಗ ಬಂದ್ರ, ಸರ ಕ್ಯಾಂಟೀನದಾಗ ಚುರಮುರಿ ಸುಸಲಾ ತಿನ್ಲಾಕತ್ತಾರ! "ಯಾಕ್ರಿ ಸರ ಹಿಂಗ?" ಅಂದೆ. "ಟೀಚರೇ ಬಿಟ್ಟ ಮ್ಯಾಲ ಹುಡುಗ ಯಾಕ ವಾಪಸ್ ಬರ್ತಾನ?" ಅಂದ್ರು.

೨. ನಿಂಬಿಹಣ್ಣು

ಪರೀಕ್ಷಾದ ಪಾಠ ಗೊತ್ತಾಯ್ತು: ಸುಣ್ಣದಕಲ್ಲಿನ ಮ್ಯಾಲ ಹುಳಿ ಬಿದ್ರ ಗುಳ್ಳಿ ಏಳ್ತಾವ, ಕಾರ್ಬನ್ ಡೈಆಕ್ಸೈಡ್ ಬರ್ತದ. ಶಹಾಬಾದದಾಗ ನಮ್ಮ ಮನಿ. ನೆಲಕ್ಕ ಹಾಸಿದ ಫರ್ಶಿ ಕಲ್ಲು ಎಲ್ಲಾ ಸುಣ್ಣದಕಲ್ಲೇ. ಅಂಜಿಕಿಗಿ ಹೊಸ ಫರ್ಶಿ ಮ್ಯಾಲ ನಿಂಬಿಹಣ್ಣು ಹಿಂಡಿ ಹಿಂಡಿ ಪಾಠ ರೂಢಿ ಮಾಡ್ದೆ. ಮುಂಜಾನಿ ನೋಡಿದ್ರ ಪಡಸಾಲಿ ತುಂಬ ಬಿಳಿ ಕಲೆ. ಅವ್ವ ಕಸಬರಗಿ ಹಿಡ್ಕೊಂಡು ಬೆನ್ನ ಹತ್ತಿದ್ಳು.

ಈ ಗದ್ದಲದಾಗ ನಾ ಕಾಲೇಜಿಗಿ ಬರಲಿಲ್ಲಂತ ಸರ ಮನಿಗೇ ಬಂದ್ರು. "ನೋಡ್ರಿ ಸರ, ನಿಮ್ಮ ಪಾಠ ನಮ್ಮ ಫರ್ಶಿ ಹಾಳ ಮಾಡ್ತು. ಇಕಿಗಿ ಸ್ವಲ್ಪ ಬುದ್ಧಿ ಹೇಳ್ರಿ," ಅಂದ್ಳು ಅವ್ವ.

ಸರ ಮೊಣಕಾಲೂರಿ ಕುಂತು ಕಲೆ ನೋಡಿದ್ರು. ಅವ್ರ ಕಣ್ಣು ಅರಳಿದ್ವು. "ಅಕ್ಕಾ, ಇನ್ನೊಂದು ನಿಂಬಿಹಣ್ಣು ಅದ ಏನ್ರಿ?"

ಅವತ್ತು ಸರ ಉಣ್ಣೋತನ ಅವ್ವ ನಿಂಬಿಹಣ್ಣು ಸೆರಗಿನಾಗ ಕಟ್ಕೊಂಡೇ ಬಡಿಸಿದ್ಳು.

೩. ಹಿಂದಿನ ಬೆಂಚು

ಬರ್ತಾ ಬರ್ತಾ ಸರಗ ಗದರೋದು ನನಗ ರೂಢಿಯಾಯ್ತು. ಕಿಡಕಿ ಕಡಿ ನೋಡಿದ್ರ "ಏಯ್, ಬೋರ್ಡ್ ನೋಡು!" ಅಂತಿದ್ದೆ. ಸರ ಭಾಳ ಖುಷಿಲೇ ಬೈಸ್ಕೋತಿದ್ರು.

ಕಡೀ ಪಾಠ ಚಿತ್ತಾಪುರದ ಒಂದು ಸಾಲ್ಯಾಗ ಬಿತ್ತು. ಹೊರಗಿಂದ ಬಂದ ಪರೀಕ್ಷಕರು ಹಿರಿಯರು, ಸಿಡುಕು ಮಾರಿಯವರು. ಅವ್ರು ಹಿಂದಿನ ಬೆಂಚಿಗಿ ಹೋಗಿ ನಮ್ಮ ಸರ ಅವ್ರ ಬಾಜೂಕ ಕುಂತ್ರು. ಹ್ಯಾಂಗೋ ಫರ್ಶಿ ತುಂಡಿನ ಮ್ಯಾಲ ಆಸಿಡ್ ಹನಿ ಬಿಟ್ಟೆ. ಬುರುಬುರು ಗುಳ್ಳಿ ಎದ್ವು, ಹುಡುಗ್ರು "ಹೋ!" ಅಂದ್ರು. ಅಷ್ಟರಾಗ ಹಿಂದಿಂದ ಗೊರಕಿ ಸಪ್ಪಳ!

ಅಂಜಿಕ್ಯಾಗ ನನ್ನ ತಲಿ ನಿಂತಿತ್ತು, ರೂಢಿ ಬಿದ್ದ ಬಾಯಿ ನಿಲ್ಲಲಿಲ್ಲ. "ಹಿಂದಿನ ಬೆಂಚು! ಎದ್ದು ನಿಂದ್ರು! ಯಾವ ಗ್ಯಾಸ್ ಬಂತು ಹೇಳು!"

ಎದ್ದು ನಿಂತವರು ಪರೀಕ್ಷಕರು.

ನನ್ನ ಜೀವಾನೇ ಹೋಯ್ತು. ಫೇಲಾಯ್ತು, ಎಲ್ಲಾ ಮುಗೀತು ಅಂದ್ಕೊಂಡೆ. ಸರ ಕರ್ಚೀಫು ಬಾಯಿಗಿ ಒತ್ಕೊಂಡು ಗ್ವಾಡಿ ಕಡಿ ಹೊಳ್ಳಿದ್ರು. ಪರೀಕ್ಷಕರು ಕೈ ಕಟ್ಕೊಂಡು, "ಕಾ... ಕಾರ್ಬನ್ ಡೈಆಕ್ಸೈಡ್," ಅಂದ್ರು.

"ಕುಂದ್ರು," ಅಂದುಬಿಟ್ಟೆ.

ಪಾಠ ಮುಗಿದ ಮ್ಯಾಲ ಅವ್ರು ಸೀದಾ ನನ್ನ ಕಡಿ ಬಂದ್ರು. ತಪ್ಪಾಯ್ತು ಅನ್ಲಾಕ ನಾ ಬಾಯಿ ತೆರಿಯೋದ್ರಾಗ, "ಪಾಸ್ ಮಾಡೀನವ್ವಾ," ಅಂದ್ರು. ಆಮ್ಯಾಲ ಆಕಡಿ ಈಕಡಿ ನೋಡಿ, ಮೆಲ್ಲಕ ಕೇಳಿದ್ರು:

"ಖರೆ, ನಾ ಹೇಳಿದ ಉತ್ತರ ಸರಿ ಇತ್ತಲ್ಲಾ?"